ಅಡವಿಯ ಹಾದಿಗೆ ಆರು ವಿದ್ಯೆಗಳು



ಬೇಸಿಗೆಯ ರಜೆ ಬಂದಿತೆಂದರೆ ಹಳಿಯಾಳದ ನಮ್ಮ ಮನೆಯ ಪಡಸಾಲೆ ಮೊಮ್ಮಕ್ಕಳಿಂದ ತುಂಬಿಹೋಗುತ್ತದೆ. ಹುಬ್ಬಳ್ಳಿಯಲ್ಲಿ ಕಾಲೇಜು ಕಲಿಯುತ್ತಿರುವ ಹಿರಿಯ ಮೊಮ್ಮಗ, ಮುಂಡಗೋಡದಿಂದ ಬರುವ ಮಗಳ ಮಕ್ಕಳಿಬ್ಬರು, ದಾಂಡೇಲಿಯಲ್ಲಿರುವ ನನ್ನ ತಮ್ಮನ ಮೊಮ್ಮಗಳು ಹೀಗೆ ನಾಲ್ವರು ಕೂಡಿದರೆ ಹಗಲು ಹೇಗೆ ಕಳೆಯಿತೆಂಬುದೇ ತಿಳಿಯುವುದಿಲ್ಲ. ಈ ಸಲ ಹಿರಿಯವನು ತನ್ನ ಚೀಲದಲ್ಲಿ ದಪ್ಪನೆಯ ಪುಸ್ತಕವೊಂದನ್ನೂ ಬಣ್ಣಬಣ್ಣದ ದಾಳಗಳನ್ನೂ ತಂದಿದ್ದ. ಆ ದಾಳಗಳಲ್ಲಿ ಒಂದಕ್ಕೆ ಇಪ್ಪತ್ತು ಮುಖಗಳು! ಪಗಡೆಯಾಡಿ ಬೆಳೆದ ನಮ್ಮ ಕಣ್ಣಿಗೆ ಅದೊಂದು ಸೋಜಿಗವೇ ಸರಿ.

ಪುಸ್ತಕದ ರಕ್ಷಾಪುಟದ ಮೇಲಿದ್ದ ಭಯಂಕರ ಚಿತ್ರವನ್ನು ಕಂಡ ಸೊಸೆ ನನ್ನ ಬಳಿಗೆ ಬಂದಳು. “ಮಾವಾರ, ಒಳಗ ಬರೇ ಮಾಟಾ-ಮಂತ್ರಾನ ಬರದಾರ್ರಿ. ಹುಡುಗೂರ ಕೈಯಾಗ ಇಂಥಾದ್ದು ಯಾಕ? ನೀವರ ಒಂದ್ ಮಾತ್ ಹೇಳ್ರಿ” ಎಂದಳು. ಅವಳ ಆತಂಕ ನನಗೂ ಸಹಜವೆಂದೇ ತೋರಿತು. ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಬಿಡೋಣವೆಂಬ ವಿಚಾರವೂ ಬಂದಿತು. ಆದರೆ ಅರಿಯದೆ ತೀರ್ಪು ಹೇಳುವುದು ಹಿರಿಯರಿಗೆ ಶೋಭಿಸುವುದಿಲ್ಲ. ಆದ್ದರಿಂದ ಎರಡು ಸಂಜೆ ಮಕ್ಕಳ ನಡುವೆ ಕುಳಿತು ನೋಡಿದೆ. ಅಲ್ಲಿ ಕಂಡುದನ್ನೇ ಈ ತಿಂಗಳ ಅಂಕಣದಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ರೂಪಿಸಿ 1974ರಲ್ಲಿ ಹೊರತಂದರು. ಇದರಲ್ಲಿ ಒಬ್ಬನು ಸೂತ್ರಧಾರನಾಗಿ ಕಥೆ ಹೇಳುತ್ತಾನೆ. ಉಳಿದವರು ತಲಾ ಒಂದು ಪಾತ್ರ ವಹಿಸಿ, ಆ ಕಥೆಯೊಳಗೆ ತಾವು ಏನು ಮಾಡುವೆವೆಂದು ಹೇಳುತ್ತಾರೆ. ಫಲಿತಾಂಶ ನಿಶ್ಚಿತವಲ್ಲದ ಕಡೆ ದಾಳ ಉರುಳಿಸಿ ನಿರ್ಣಯಿಸುತ್ತಾರೆ. ಒಬ್ಬ ಕಾದಾಳು, ಒಬ್ಬ ಚತುರ ಕಳ್ಳ, ಒಬ್ಬ ಅಡವಿಯ ವಾಸಿ, ಹೀಗೆ ಪಾತ್ರಗಳು. ಬಯಲಾಟದಲ್ಲಿ ಬಣ್ಣ ಹಚ್ಚಿ ಮಾಡುವುದನ್ನೇ ಇವರು ಚಾಪೆಯ ಮೇಲೆ ಕುಳಿತು ಮಾಡುತ್ತಾರೆಂದರೆ ತಪ್ಪಾಗಲಾರದು.

ಸೊಸೆಯ ಭಯ ಹೊಸದೇನಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿಯೂ ಅನೇಕ ತಾಯ್ತಂದೆಯರು ಈ ಆಟ ಮಕ್ಕಳನ್ನು ಮಾಟದ ಕಡೆಗೆ ಎಳೆಯುತ್ತದೆಂದು ಹೆದರಿದ್ದರು. ಕಾಲಕ್ರಮದಲ್ಲಿ ಆ ಭೀತಿ ಅಡಗಿತು. ಆಟದಲ್ಲಿ ‘ಸ್ಪೆಲ್’ ಎಂಬುದು ಉಚ್ಚಾರವೂ ಅಲ್ಲ, ಆಚರಣೆಯೂ ಅಲ್ಲ. ಹಾಳೆಯ ಮೇಲೆ ಬರೆದಿಟ್ಟ ಒಂದು ನಿಯಮ, ಕೂಡಿಸಿ ಕಳೆಯುವ ಒಂದು ಲೆಕ್ಕ. ಮಂತ್ರವಾದರೋ ನಮಗೆ ಅಷ್ಟಾವರಣಗಳಲ್ಲಿ ಒಂದು. ಆ ಪವಿತ್ರ ಶಬ್ದವನ್ನು ದಾಳದಾಟಕ್ಕೆ ಹಚ್ಚುವುದು ಬೇಡವೆಂದು ಮಕ್ಕಳಿಗೆ ತಿಳಿಸಿ, “ವಿದ್ಯೆ ಎನ್ನಿರಿ” ಎಂದೆ. ಅವರೂ ಸಂತೋಷದಿಂದ ಒಪ್ಪಿದರು. ಸೊಸೆಯ ಮನಸ್ಸೂ ಅರ್ಧ ಹಗುರಾಯಿತು.

ಹಿರಿಯವನು ಕಥೆಯನ್ನು ವಿಲಾಯತಿಯ ಕಾಡಿನಲ್ಲಿ ಹೂಡದೆ ನಮ್ಮ ಸೀಮೆಯಲ್ಲಿಯೇ ಹೂಡಿದ್ದ. ಮಳೆಗಾಲದ ಆರಂಭ. ಮೂವರು ಪಯಣಿಗರು ಔಷಧಿಯ ಗಂಟೊಂದನ್ನು ಹೊತ್ತು ದಾಂಡೇಲಿಯನ್ನು ದಾಟಿ, ಗುಂದದ ಕಡೆಯ ದಟ್ಟಡವಿಯಲ್ಲಿ ಹಾಯ್ದು ಉಳವಿಯನ್ನು ಮುಟ್ಟಬೇಕು. ಹತ್ತು ವರ್ಷದ ಕಿರಿಯ ಮೊಮ್ಮಗನು ಅಡವಿಯ ಪಾತ್ರವನ್ನು ಆರಿಸಿಕೊಂಡ. ಅದಕ್ಕೆ ಎರಡು ಬಗೆ. ಒಂದು ಡ್ರೂಯಿಡ್, ಇನ್ನೊಂದು ರೇಂಜರ್. ರೇಂಜರ್ ಎಂದೊಡನೆ ನನಗೆ ಖಾಕಿಯುಡುಪಿನ ಅರಣ್ಯಾಧಿಕಾರಿಗಳೇ ಕಣ್ಣ ಮುಂದೆ ಬಂದರು! ಇಲ್ಲಿ ಅವನು ಜಾಡು ಹಿಡಿಯುವ ಬೇಟೆಗಾರ. ಅವನಿಗೆ ವಿದ್ಯೆಗಳು ಕೆಲವೇ, ಒಮ್ಮೆ ಕಲಿತರೆ ಮೇಲಿನ ಹಂತಕ್ಕೆ ಏರುವವರೆಗೆ ಬದಲಿಸುವಂತಿಲ್ಲ. 1976ರಲ್ಲಿ ಆಟಕ್ಕೆ ಸೇರಿದ ಡ್ರೂಯಿಡ್ ಆದರೋ ಗಿಡಮರಗಳ, ಮೃಗಪಕ್ಷಿಗಳ ಬಂಧು. ಅವನು ರಾತ್ರಿಯ ವಿಶ್ರಾಂತಿಯ ಬಳಿಕ ಬೆಳಗಿಗೊಮ್ಮೆ ತನ್ನ ವಿದ್ಯೆಗಳ ಪಟ್ಟಿಯನ್ನು ಹೊಸದಾಗಿ ಆರಿಸಿಕೊಳ್ಳಬಹುದು. ಹುಡುಗ ಡ್ರೂಯಿಡ್ ಆದ.

ಆಯ್ಕೆಯ ಲೆಕ್ಕ ಹೀಗಿದೆ. ಮಕ್ಕಳ ಬಳಿ ಇದ್ದುದು 2014ರ ಆವೃತ್ತಿ. 2024ರ ಪರಿಷ್ಕೃತ ಆವೃತ್ತಿಯಲ್ಲಿ ಕೆಲವು ವ್ಯತ್ಯಾಸಗಳಿವೆ. ಮೂರನೆಯ ಹಂತದ ಡ್ರೂಯಿಡ್‌ಗೆ ವಿವೇಕದ ಅಂಕ 16 ಇದ್ದರೆ, ದಿನಕ್ಕೆ ಆರು ವಿದ್ಯೆಗಳನ್ನು ಸಿದ್ಧಪಡಿಸಿಕೊಳ್ಳಬಹುದು. ಪ್ರಯೋಗಿಸಲು ಮೊದಲನೆಯ ದರ್ಜೆಯಲ್ಲಿ ನಾಲ್ಕು ಅವಕಾಶ, ಎರಡನೆಯ ದರ್ಜೆಯಲ್ಲಿ ಎರಡು. ಪುಸ್ತಕದಲ್ಲಿ ವಿದ್ಯೆಗಳು ಹತ್ತಾರಿವೆ, ಕೈಯಲ್ಲಿ ಹಿಡಿಯುವುದು ಆರೇ. ಯಾವ ಆರು? ಆಟದ ಮರ್ಮವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ.

ನಮ್ಮ ಹುಡುಗ ಆರಿಸಿದ್ದು ಗುಡುಗಿನಂತೆ ಅಪ್ಪಳಿಸುವ ಥಂಡರ್‌ವೇವ್, ಉರುಳುವ ಬೆಂಕಿಯುಂಡೆಯಾದ ಫ್ಲೇಮಿಂಗ್ ಸ್ಫಿಯರ್, ಬೆಳದಿಂಗಳಿನಿಂದ ಸುಡುವ ಮೂನ್‌ಬೀಮ್, ಲೋಹವನ್ನು ಕಾಯಿಸುವ ಹೀಟ್ ಮೆಟಲ್, ವೈರಿಯ ಮೈಸುತ್ತ ಬೆಳಕು ಹೊತ್ತಿಸುವ ಫೇರಿ ಫೈರ್, ಬಳ್ಳಿಗಳಿಂದ ಕಾಲು ಬಿಗಿಯುವ ಎಂಟ್ಯಾಂಗಲ್. ಆರಕ್ಕೆ ಆರೂ ಕಾಳಗದವು. ಪಟ್ಟಿ ಬರೆದು ಮುಗಿಸಿ ಮೀಸೆಯಿಲ್ಲದ ತುಟಿಯ ಮೇಲೆ ಕೈಯಾಡಿಸಿಕೊಂಡ!

ಮೊದಲ ಸಂಜೆ ಕಾಡುಹಂದಿಯೊಂದು ಎದುರಾಯಿತು. ಹುಡುಗ ಥಂಡರ್‌ವೇವ್ ಪ್ರಯೋಗಿಸಿದ. ಹಂದಿಯೇನೋ ಓಡಿತು, ಆದರೆ ಆ ಸಪ್ಪಳ ಮುನ್ನೂರು ಅಡಿ ದೂರದವರೆಗೆ ಕೇಳಿಸುತ್ತದೆಂಬುದು ನಿಯಮ. ಮರಗಳ ಮರೆಯಲ್ಲಿದ್ದ ದರೋಡೆಕೋರರು ಬಂದು ಮುತ್ತಿದರು. ಹುಡುಗ ಬೆಂಕಿಯುಂಡೆ ಉರುಳಿಸಿದ, ಅದರ ಮೇಲೆಯೇ ಬಳ್ಳಿಗಳನ್ನು ಎಬ್ಬಿಸಿದ. ಬಳ್ಳಿಗಳು ಏಳುತ್ತಲೇ ಉಂಡೆ ಮಾಯವಾಯಿತು. ಏಕೆಂದರೆ ಕೆಲವು ವಿದ್ಯೆಗಳು ನಡೆಯಬೇಕಾದರೆ ಏಕಾಗ್ರತೆ ಬೇಕು, ಏಕಾಗ್ರತೆಯನ್ನು ಒಂದು ಹೊತ್ತಿಗೆ ಒಂದರ ಮೇಲಷ್ಟೇ ಇಡಲು ಸಾಧ್ಯ. ಅವನ ಆರರಲ್ಲಿ ಐದು ಅಂಥವೇ ಆಗಿದ್ದವು. ಅಷ್ಟರಲ್ಲಿ ಹಳ್ಳದ ಆಚೆ ದಡದಲ್ಲಿ ಕಾದಾಡುತ್ತಿದ್ದ ಅವನ ಅಕ್ಕನ ಪಾತ್ರ ನೆಲಕ್ಕುರುಳಿತು. ಉಸಿರು ಉಳಿಯಲು ಅವಳು ದಾಳ ಹಾಕಬೇಕು. ಮೂರು ಸಲ ಸೋತರೆ ಮರಣ. ಹುಡುಗನ ಬಳಿ ಪ್ರಯೋಗಕ್ಕೆ ಇನ್ನೂ ಒಂದು ಅವಕಾಶ ಉಳಿದಿತ್ತು. ಆದರೆ ಬದುಕಿಸುವ ವಿದ್ಯೆಯೊಂದೂ ಪಟ್ಟಿಯಲ್ಲಿ ಇರಲಿಲ್ಲ. ದಾಳ ಮೂರು ಸಲವೂ ಸೋತಿತು.

ಆಟವೆಂದು ನಾವು ನಗಬಹುದು. ಆದರೆ ಆ ಹುಡುಗ ಅಂದು ರಾತ್ರಿ ಊಟ ಬಿಟ್ಟ. “ಅಕ್ಕನ್ನ ನಾನ ಸಾಯಿಸಿದೆ, ಅಜ್ಜಾ” ಎಂದು ಗೋಡೆಯ ಕಡೆಗೆ ಮುಖಮಾಡಿ ಮಲಗಿದ. ಪುಸ್ತಕಕ್ಕೆ ಕೀಲಿ ಹಾಕುವ ನನ್ನ ವಿಚಾರ ಆಗಲೇ ಪೂರ್ತಿ ಬಿಟ್ಟುಹೋಯಿತು. ಒಬ್ಬರ ಆಯ್ಕೆಯ ಫಲವನ್ನು ಜೊತೆಗಾರರು ಉಣ್ಣಬೇಕಾಗುತ್ತದೆಂಬುದು ನಾವು ಬಾಯಿಯಲ್ಲಿ ಎಷ್ಟು ಹೇಳಿದರೂ ಹತ್ತು ವರ್ಷದ ಮಗುವಿಗೆ ತಿಳಿಯುವ ಮಾತಲ್ಲ. ಅದನ್ನು ಅವನು ಒಂದೇ ಸಂಜೆಯಲ್ಲಿ ಅರಿತಿದ್ದ. ಇನ್ನು ಅದನ್ನು ತಿದ್ದಿಕೊಳ್ಳಲು ದಾರಿ ತೋರುವುದಷ್ಟೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ನನ್ನ ಬಾಲ್ಯದ ಒಂದು ಸಂಗತಿ ಹೇಳಿದೆ. ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ನಾವು ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ದಿನಗಳವು. ಚಕ್ಕಡಿಯಲ್ಲಿ ಜಾಗ ಸ್ವಲ್ಪ, ಮಂದಿ ಬಹಳ. ನಾನು ನನ್ನ ಕವಣೆ, ಬುಗುರಿಗಳನ್ನೆಲ್ಲ ತುಂಬಲು ಹೋದಾಗ ನಮ್ಮಜ್ಜ ತಡೆದು, “ತಮ್ಮಾ, ದಾರಿ ಏನ್ ಕೇಳತೈತಿ ಅದನ್ನ ತಗೊ” ಎಂದಿದ್ದರು. ದಾರಿ ಕೇಳಿದ್ದು ರೊಟ್ಟಿಯ ಗಂಟು, ಶೇಂಗಾ ಹಿಂಡಿ, ನೀರಿನ ಕೊಡ, ಎತ್ತಿಗೆ ಮೇವು, ಕೀಲೆಣ್ಣೆ, ಹಗ್ಗ, ಕಂದೀಲು. ಕೊಡಲಿ ಒಂದೇ ಒಂದು. ಕಾಡಿನ ನಡುವೆ ಮುಂದಿನ ಚಕ್ಕಡಿಯವರ ಹಗ್ಗ ಹರಿದಾಗ ನಮ್ಮ ಹಗ್ಗವೇ ಅವರನ್ನು ಉಳವಿಗೆ ಮುಟ್ಟಿಸಿತು.

ಹುಡುಗ ಕಣ್ಣೊರೆಸಿಕೊಂಡು ಪುಸ್ತಕ ತಂದ. ಇಬ್ಬರೂ ಕೂಡಿ ಆ ದಾರಿ ಏನು ಕೇಳುತ್ತದೆಂದು ಎಣಿಸಿದೆವು. ಹಸಿವೆ, ಕೆಟ್ಟ ನೀರು, ಗಾಯ, ದಾರಿ ತಪ್ಪುವುದು, ಕಾಣದ ವೈರಿ, ಅನಿವಾರ್ಯವಾದ ಕಾಳಗ. ಆರು ತೊಂದರೆಗಳಿಗೆ ಆರು ವಿದ್ಯೆಗಳು ದೊರೆತವು.

ಮೊದಲನೆಯದು ಗುಡ್‌ಬೆರಿ. ಒಮ್ಮೆ ಪ್ರಯೋಗಿಸಿದರೆ ಹತ್ತು ಹಣ್ಣುಗಳು ಹುಟ್ಟುತ್ತವೆ. ಒಂದು ಹಣ್ಣು ತಿಂದವನಿಗೆ ಒಂದು ದಿನದ ಆಹಾರ ಸಿಕ್ಕಂತೆ, ಜೊತೆಗೆ ಒಂದಂಕದಷ್ಟು ಚೇತರಿಕೆ. ಹಣ್ಣಿನ ಗುಣ ಇಪ್ಪತ್ನಾಲ್ಕು ತಾಸು ಉಳಿಯುತ್ತದೆ. ಆದ್ದರಿಂದ ದಿನದ ಕೊನೆಗೆ ಅವಕಾಶವೊಂದು ಉಳಿದಿದ್ದರೆ ಮಲಗುವ ಮುನ್ನ ಹಣ್ಣು ಮಾಡಿಟ್ಟುಕೊಂಡರೆ ನಾಳೆಗೆ ಬುತ್ತಿಯಾಯಿತು. ಎರಡನೆಯದು ಹೀಲಿಂಗ್ ವರ್ಡ್. ಅರವತ್ತು ಅಡಿ ದೂರದಲ್ಲಿ ಬಿದ್ದವರನ್ನೂ ಒಂದು ಮಾತಿನಿಂದ ಎಬ್ಬಿಸುತ್ತದೆ; ಹಳ್ಳ ದಾಟಬೇಕಿಲ್ಲ. ಮೂರನೆಯದು ಪ್ಯೂರಿಫೈ ಫುಡ್ ಅಂಡ್ ಡ್ರಿಂಕ್, ಅಂದರೆ ಅನ್ನನೀರಿನ ವಿಷವನ್ನೂ ರೋಗವನ್ನೂ ತೊಳೆಯುವುದು. ನಾಲ್ಕನೆಯದು ಸ್ಪೀಕ್ ವಿದ್ ಅನಿಮಲ್ಸ್, ಹತ್ತು ನಿಮಿಷ ಪ್ರಾಣಿಗಳೊಡನೆ ಮಾತು. ಈ ಕಡೆಯ ಎರಡಕ್ಕೂ ಒಂದು ವಿಶೇಷವಿದೆ. ಹತ್ತು ನಿಮಿಷ ಹೆಚ್ಚಿಗೆ ತಾಳ್ಮೆಯಿಂದ ಕುಳಿತು ಮಾಡಿದರೆ ಅವಕಾಶವೇ ಖರ್ಚಾಗುವುದಿಲ್ಲ. ತಾಳ್ಮೆಗೆ ಆಟದಲ್ಲಿಯೂ ಬೆಲೆಯಿದೆ ನೋಡಿರಿ!

ಐದನೆಯದು ಪಾಸ್ ವಿದೌಟ್ ಟ್ರೇಸ್. ಒಂದು ತಾಸಿನವರೆಗೆ ತಂಡವೆಲ್ಲ ಹೆಜ್ಜೆಗುರುತಿಲ್ಲದೆ ನಡೆಯಬಹುದು, ಅಡಗುವ ದಾಳಕ್ಕೆ ಹತ್ತು ಅಂಕ ಕೂಡುತ್ತದೆ. ಆರನೆಯದು ಮೊದಲಿನ ಪಟ್ಟಿಯಲ್ಲಿದ್ದ ಎಂಟ್ಯಾಂಗಲ್ಲೇ. ವೈರಿಯನ್ನು ಕೊಲ್ಲದೆ ಕಟ್ಟಿಹಾಕುತ್ತದೆ, ತಪ್ಪಿಸಿಕೊಳ್ಳಲು ಸಮಯ ಕೊಡುತ್ತದೆ. ಏಕಾಗ್ರತೆ ಬೇಡುವವು ಈಗ ಎರಡೇ. ಒಂದು ನಡೆಯುವಾಗಿನದು, ಒಂದು ಕಾದುವಾಗಿನದು. ಒಂದಕ್ಕೊಂದು ಅಡ್ಡಬರುವುದು ಅಪರೂಪ.

ಹುಡುಗ ಪಟ್ಟಿ ನೋಡಿ ಸ್ವಲ್ಪ ಸಪ್ಪಗಾದ. “ಅಜ್ಜಾ, ಇದೆಲ್ಲಾ ಊಟಾ-ನೀರಿನ ವಿದ್ಯಾನ ಆತು. ಹೊಡಿಯೂದು ಯಾವಾಗ?” ಎಂದ. “ಹೊಡಿಯಾಕ ನಿಮ್ಮಕ್ಕ ಅದಾಳ. ಆಕಿಗೆ ಬರಲಾರದ್ದು ಏನೈತಿ, ಅದು ನಿನ್ನ ಕೆಲಸ” ಎಂದೆ.

ಇಷ್ಟಕ್ಕೇ ಮುಗಿಯಲಿಲ್ಲ. ಪುಸ್ತಕದಲ್ಲಿರುವ ಓಕ್ ಮರವನ್ನು ನಾವು ಕಂಡವರಲ್ಲ. ಅದರ ಬದಲು ನಮ್ಮ ಸಾಗವಾನಿ, ಮತ್ತಿ, ಬಿದಿರುಗಳನ್ನು ತಂದೆವು. ಸ್ಪೀಕ್ ವಿದ್ ಅನಿಮಲ್ಸ್ ಇದ್ದರೂ ಯಾವ ಪ್ರಾಣಿಯನ್ನು ಏನು ಕೇಳಬೇಕೆಂಬ ಅರಿವಿಲ್ಲದಿದ್ದರೆ ಆ ಹತ್ತು ನಿಮಿಷ ವ್ಯರ್ಥ. ಹುಲಿ ಚಿರತೆಗಳು ಬಂದರೆ ಮೊದಲು ಕೂಗುವುದು ಮರದ ಮೇಲಿನ ಮುಸುವ, ಕೆಳಗಿನ ಜಿಂಕೆ. ಆ ಕೂಗನ್ನು ಕೇಳಿ ಅಡವಿಯ ಅಂಚಿನ ಗೌಳಿಗರು, ಅರಣ್ಯದ ಕಾವಲುಗಾರರು ಎಚ್ಚರಗೊಳ್ಳುತ್ತಾರೆ. ಇದು ಯಾವ ದಾಳವೂ ಇಲ್ಲದ ನಿಜವಾದ ವಿದ್ಯೆ. ಗುಡ್‌ಬೆರಿಯ ಹಣ್ಣು ಯಾವುದೆಂದು ಚರ್ಚೆಯಾದಾಗ ಕವಳಿಹಣ್ಣೆಂದು ತೀರ್ಮಾನವಾಯಿತು. ಆಗ ದಾಂಡೇಲಿಯ ಹುಡುಗಿ ಮಂಗಟ್ಟೆ ಹಕ್ಕಿಯ ಮಾತು ತೆಗೆದಳು. ಹೆಣ್ಣು ಮರದ ಪೊಟರೆಯಲ್ಲಿ ಕುಳಿತು ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುವ ತಿಂಗಳುಗಳಲ್ಲಿ ಗಂಡು ಹಣ್ಣುಗಳನ್ನು ತಂದು ಸೀಳಿನ ಮೂಲಕ ಉಣಿಸುತ್ತದೆ. “ಅಜ್ಜಾ, ಗುಡ್‌ಬೆರಿ ಅದಕ್ಕೂ ಬರತೈತಿ” ಎಂದಳು. ನಾವೆಲ್ಲ ನಕ್ಕರೂ ಮಾತು ಮನಸ್ಸಿಗೆ ನಾಟಿತು.

ಜೋಯಿಡಾ ಸೀಮೆಯ ಕುಣಬಿಗಳು ಬೆಳೆದು ಕಾಪಾಡಿಕೊಂಡು ಬಂದಿರುವ ಗೆಡ್ಡೆಗೆಣಸುಗಳ ಬಗೆಗಳನ್ನು ಅಲ್ಲಿ ನಡೆಯುವ ಗೆಡ್ಡೆಗೆಣಸಿನ ಮೇಳದಲ್ಲಿ ಕಾಣಬಹುದು. ಯಾವ ಗೆಡ್ಡೆಯನ್ನು ಹೇಗೆ ಬೇಯಿಸಿದರೆ ತುರಿಕೆ ಹೋಗುವುದೆಂಬುದು ಅಲ್ಲಿನ ತಾಯಂದಿರ ವಿದ್ಯೆ. ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಬಂಧುಗಳಿಗೆ ಜೇನಿನ ಹಂಗಾಮು, ಗಿಡಮೂಲಿಕೆಗಳ ಗುಣ ಚೆನ್ನಾಗಿ ಗೊತ್ತು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಪೇಟೆಯಲ್ಲಿ ಇವರೆದುರು ಹಾಯ್ದುಹೋಗುವಾಗ ನಮ್ಮ ಮಕ್ಕಳು ಇವರಲ್ಲಿ ಏನು ವಿದ್ಯೆಯಿದೆಯೆಂದು ಕೇಳಿದವರಲ್ಲ. ಕೇಳುವಂತೆ ನಾವೂ ಕಲಿಸಿದವರಲ್ಲ. ವಿಲಾಯತಿಯ ಪುಸ್ತಕವೊಂದು ಆ ಪ್ರಶ್ನೆಯನ್ನು ಎಬ್ಬಿಸಿತೆಂಬುದು ನನಗೆ ಸಂತೋಷದ ಸಂಗತಿಯೂ ಹೌದು, ಸ್ವಲ್ಪ ನಾಚಿಕೆಯ ಸಂಗತಿಯೂ ಹೌದು.

ಎರಡನೆಯ ಸಂಜೆ ಹಿರಿಯವನು ಕಥೆಯನ್ನು ಮೊದಲಿನಿಂದ ಆರಂಭಿಸಲು ಒಪ್ಪಿದ. ಈ ಸಲ ಹುಡುಗ ಮುಸುವವನ್ನು ಕೇಳಿ ದರೋಡೆಕೋರರ ಸುಳಿವು ಹಿಡಿದ. ಹೆಜ್ಜೆಗುರುತಿಲ್ಲದೆ ಅವರನ್ನು ಬಳಸಿ ಹೋದರು. ಆದರೂ ಹಳ್ಳದ ಬಳಿ ಇಬ್ಬರ ಕಣ್ಣಿಗೆ ಬಿದ್ದು ಕಾಳಗವಾಯಿತು. ಅಕ್ಕನ ಪಾತ್ರ ಮತ್ತೆ ಉರುಳಿತು. ಪಡಸಾಲೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹುಡುಗ ಈಚೆ ದಡದಿಂದಲೇ “ಹೀಲಿಂಗ್ ವರ್ಡ್” ಎಂದ. ಅವಳು ಎದ್ದಳು. ಬಾಗಿಲ ಬಳಿ ನಿಂತಿದ್ದ ಸೊಸೆಯೂ ಚಪ್ಪಾಳೆ ತಟ್ಟಿದಳು. ಆಟ ಮುಗಿದ ಮೇಲೆ ಅಕ್ಕ ಹೇಳಿದ ಮಾತಿದು: “ಇಂವಾ ಇವತ್ತ ಒಬ್ಬರನ್ನೂ ಹೊಡೀಲಿಲ್ಲ. ಆದರ ಮೂರೂ ಮಂದಿ ಊರು ಮುಟ್ಟಿದಿವಿ.”

ಮರುವಾರದ ಕಥೆ ಮುಂಡಗೋಡದ ಬಯಲಿನಲ್ಲಿ, ಅತ್ತಿವೇರಿಯ ಜಲಾಶಯದ ದಂಡೆಯಲ್ಲಿ. ಯಾರೂ ಹೇಳದೆಯೇ ಹುಡುಗ ಪಟ್ಟಿಯನ್ನು ತಿದ್ದಿದ. ಊರುಗಳು ಹತ್ತಿರವಿರುವುದರಿಂದ ಗುಡ್‌ಬೆರಿ ಬೇಡವೆಂದ. ಮರೆಗೆ ಗಿಡಗಳಿಲ್ಲದ ಕಡೆ ಮಂಜು ಕವಿಸುವ ಫಾಗ್ ಕ್ಲೌಡ್ ಬೇಕೆಂದ. ಪಕ್ಷಿಧಾಮವಲ್ಲವೇ, ಸಣ್ಣ ಹಕ್ಕಿಯ ಮೂಲಕ ಇಪ್ಪತ್ತೈದು ಶಬ್ದಗಳವರೆಗೆ ಸುದ್ದಿ ಕಳಿಸುವ ಅನಿಮಲ್ ಮೆಸೆಂಜರ್ ಆರಿಸಿದ. ಹೀಲಿಂಗ್ ವರ್ಡ್ ಮಾತ್ರ ಪಟ್ಟಿಯ ತಲೆಯ ಮೇಲೆಯೇ ಇತ್ತು. ಹಾದಿ ಬದಲಾದಂತೆ ಬುತ್ತಿ ಬದಲಾಗಬೇಕೆಂಬುದನ್ನು ಅವನು ತಾನಾಗಿಯೇ ಕಂಡುಕೊಂಡಿದ್ದ.

ತಾಯ್ತಂದೆಯರಿಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಮಕ್ಕಳು ಇಂಥ ಆಟ ತಂದರೆ ಹೆದರಿ ಕಸಿದುಕೊಳ್ಳಬೇಡಿರಿ. ಒಂದು ಸಂಜೆ ಬಳಿಯಲ್ಲಿ ಕುಳಿತು ನೋಡಿರಿ. ಓದು, ಊಟ, ನಿದ್ರೆಗಳ ಹೊತ್ತನ್ನು ಆಟ ನುಂಗದಂತೆ ಎಚ್ಚರವಿರಲಿ. ಇನ್ನು ಆಟದಲ್ಲಿ ಕಲಿತೆವೆಂದು ಮಕ್ಕಳು ನಿಜವಾದ ಕಾಡಿಗೆ ತಾವೇ ನುಗ್ಗಬಾರದು. 1956ರಲ್ಲಿ ವನ್ಯಧಾಮವಾದ ದಾಂಡೇಲಿಯೂ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಣಶಿಯೂ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿಯ ಹೆಸರು ಹೊತ್ತಿವೆ. ಅಲ್ಲಿ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ, ಬಲ್ಲವರ ಜೊತೆ ಬೇಕೇಬೇಕು. ಚೈತ್ರದ ತರಗೆಲೆಯ ಮೇಲೆ ಬಿದ್ದ ಒಂದು ಕಿಡಿ ಆಟದ ಬೆಂಕಿಯುಂಡೆಯಂತೆ ಮಾಯವಾಗುವುದಿಲ್ಲ.

ರಜೆ ಮುಗಿದು ಮಕ್ಕಳು ಹೊರಟಾಗ ಕಿರಿಯವನು ತನ್ನ ಚೀಲವನ್ನು ತಾನೇ ತುಂಬಿಕೊಂಡ. ಬಸ್ಸಿನಲ್ಲಿ ಅಕ್ಕನಿಗೆ ವಾಂತಿಯಾಗುವುದೆಂದು ನೆನಪಿಟ್ಟು ನಿಂಬೆಹಣ್ಣು ಇಟ್ಟುಕೊಂಡಿದ್ದ. ನಾನೇನೂ ಹೇಳಲಿಲ್ಲ. ನಮ್ಮಜ್ಜ ಇದ್ದಿದ್ದರೆ ಅವನ ಬೆನ್ನು ಚಪ್ಪರಿಸುತ್ತಿದ್ದರು.